ಎಡವುತ್ತಿರುವ ಆರಂಭಿಕ ಪಿಚರ್‌ನನ್ನು ಅಳೆಯುವ ಬಗೆ

ಬೇಸ್‌ಬಾಲ್‌ನಲ್ಲಿ ನೆಚ್ಚಿನ ತಂಡದ ಆರಂಭಿಕ ಪಿಚರ್ (ಪಂದ್ಯದ ಮೊದಲಿನಿಂದ ಚೆಂಡೆಸೆಯುವ ಆಟಗಾರ) ಒಂಬತ್ತು ಇನ್ನಿಂಗ್ಸ್‌ಗಳ ಪೈಕಿ ಎರಡನೆಯದರಲ್ಲೇ ಐದು ರನ್ ಕೊಟ್ಟಾಗ ಸಿಟ್ಟು ಬರುವುದು ಸಹಜವಾದರೂ, ಅವರನ್ನು ಕೈಬಿಡಬೇಕೆಂದು ಕೂಗುವ ಮುನ್ನ ಎಷ್ಟು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಚೆಂಡನ್ನು ಆಟದೊಳಗೆ ಹೊಡೆಯಲು ಬಿಡದೆ ಔಟ್) ಮಾಡಿದ್ದಾರೆ, ಎಷ್ಟು ಮಂದಿಗೆ ವಾಕ್ (ನಾಲ್ಕು ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಉಚಿತವಾಗಿ ಸಿಗುವ ಮೊದಲ ಬೇಸ್) ಕೊಟ್ಟಿದ್ದಾರೆ ಎಂಬುದನ್ನು ಗಮನಿಸಿ. ಇವೆರಡೂ ಮೊದಲಿನಂತೆಯೇ ಇದ್ದರೆ ದೋಷ ಕ್ಷೇತ್ರರಕ್ಷಣೆಯದ್ದೋ ಅದೃಷ್ಟದ್ದೋ ಆಗಿರಬಹುದು. ಫಾಸ್ಟ್‌ಬಾಲ್‌ನ ವೇಗ ಪಂದ್ಯದಿಂದ ಪಂದ್ಯಕ್ಕೆ ಇಳಿಯುತ್ತಿದ್ದರೆ ಗಾಯವಿರಬಹುದೆಂದು ಶಂಕಿಸಿ. ಆಗ ಛೀಮಾರಿ ಹಾಕುವುದು ನನ್ನ ಮಟ್ಟಿಗೆ ಅನ್ಯಾಯವೇ ಸರಿ.

2000ರಲ್ಲಿ ಟೊರಾಂಟೊ ಬ್ಲೂ ಜೇಸ್ ತಂಡದ ಪಿಚರ್ ರಾಯ್ ಹ್ಯಾಲಡೇ ಅವರ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಕೊಡುವ ಸರಾಸರಿ ರನ್; ಕಡಿಮೆಯಿದ್ದಷ್ಟೂ ಒಳ್ಳೆಯದು) 10.64ಕ್ಕೆ ಏರಿತ್ತು. ಮರುವರ್ಷ ಕೆಳಹಂತದ ಲೀಗಿಗೆ ಕಳುಹಿಸಲ್ಪಟ್ಟ ಅವರು, ತರಬೇತುದಾರ ಮೆಲ್ ಕ್ವೀನ್ ಅವರ ಮಾರ್ಗದರ್ಶನದಲ್ಲಿ ತೋಳಿನ ಕೋನವನ್ನು ತಗ್ಗಿಸಿ ಎಸೆತವನ್ನೇ ಹೊಸದಾಗಿ ಕಟ್ಟಿಕೊಂಡು, 2003ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಸಿಗುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಆದ್ದರಿಂದ ಮುಂದಿನ ಪಂದ್ಯದಲ್ಲಿ ಸ್ಕೋರ್‌ಬೋರ್ಡ್‌ಗಿಂತ ಮೊದಲು ಪಿಚರ್‌ನ ತೋಳನ್ನು ನೋಡಿ.