ಆ ಕಡೆ ಯಾರೂ ಇಲ್ಲದ ಫೋನು

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಐಸಿಯು ಹೊರಗಿನ ಕಾರಿಡಾರಿನಲ್ಲಿ ಡಯಲ್ ತಿರುಗಿಸುವ ಹಳೇ ಕಪ್ಪು ಫೋನೊಂದಿದೆ. ಯಾವ ಲೈನಿಗೂ ಸೇರಿಲ್ಲ. ಅಲ್ಲಿಟ್ಟವನು ನಾನು.

ಯೋಚನೆ ಮಾತ್ರ ನನ್ನದಲ್ಲ. ಜಪಾನಿನ ಒತ್ಸುಚಿಯಲ್ಲಿ ಇತಾರು ಸಸಾಕಿ ಎಂಬುವರು, ತೀರಿಕೊಂಡ ಸೋದರಸಂಬಂಧಿಯ ಜೊತೆ ಮಾತಾಡಲೆಂದು 2010ರಲ್ಲಿ ತಮ್ಮ ತೋಟದಲ್ಲೇ ಟೆಲಿಫೋನ್ ಬೂತ್ ಇಟ್ಟುಕೊಂಡರು. ಮಾರನೇ ವರ್ಷ ಸುನಾಮಿ ಊರನ್ನು ಕೊಚ್ಚಿಕೊಂಡು ಹೋದಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ‘ಗಾಳಿ ಫೋನ್’ ಎಂದೇ ಅದರ ಹೆಸರು. ಅಲ್ಲಿ ತೋಟ, ಸಮುದ್ರದ ಗಾಳಿ. ನನ್ನ ಪಾಲಿಗೆ ಬಂದದ್ದು ಟ್ಯೂಬ್‌ಲೈಟು, ಫಿನಾಯಿಲು, ಆಗಾಗ ಹೆಸರು ಕೂಗುವ ಸ್ಪೀಕರು.

ಫೋನು ಸಂಡೆ ಬಜಾರಿನಲ್ಲಿ ಸಿಕ್ಕಿತು. ಅದನ್ನು ನಡೆಸುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡು, ಸದ್ದು ನುಡಿಸುವ ಎಂಪಿ3 ಮಾಡ್ಯೂಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯವು. ಮೊದಲು ಅತಿ ಬುದ್ಧಿವಂತಿಕೆ ಮಾಡಿದೆ: ರಿಸೀವರ್ ಎತ್ತಿದ ಕೂಡಲೇ ಮೆತ್ತಗಿನ ಹೆಣ್ಣುದನಿ, “ಧೈರ್ಯವಾಗಿರಿ, ನಾವಿದ್ದೇವೆ.” ಅಜ್ಜ ಒಬ್ಬರು ಎತ್ತಿ, “ಮೂರನೇ ಬೆಡ್ಡಿನವರ ರಿಪೋರ್ಟ್ ಬಂತೇನಮ್ಮಾ?” ಅಂದರು. ದನಿ ಅದನ್ನೇ ಮತ್ತೆ ಹೇಳಿತು. ಅವರು ಮತ್ತೆ ಕೇಳಿದರು. ಮೂರು ಸಲ. ಕಂಬದ ಪಕ್ಕ ನಿಂತಿದ್ದ ನನಗೆ ನೆಲ ಸೀಳಬಾರದೇ ಅನ್ನಿಸಿತು. ಅವತ್ತೇ ಆ ದನಿ ಅಳಿಸಿಹಾಕಿದೆ.

ಆಮೇಲೆ ಡಯಲಿನ ಕೆಲಸಕ್ಕೆ ಕೂತೆ. ದುಃಖದಲ್ಲಿರುವವರ ಕೈಗೆ ಮೊದಲು ಒಂದು ಕೆಲಸ ಬೇಕು. ಡಯಲ್ ವಾಪಸ್ ಬರುವಾಗ ಸೆಕೆಂಡಿಗೆ 10 ಪಲ್ಸ್, ಅಂದರೆ ವಿದ್ಯುತ್ ಮಿಡಿತ, ಕೊಡುತ್ತದೆ; ಸೊನ್ನೆಗೆ ಹತ್ತು ಮಿಡಿತ. ಸೊನ್ನೆ ತಿರುಗಿಸಿ ಬೆರಳು ತೆಗೆದರೆ ಕರಕರ ಎನ್ನುತ್ತಾ ವಾಪಸ್ ಬರಲು ಒಂದು ಸೆಕೆಂಡು. ಅಷ್ಟರಲ್ಲಿ ಉಸಿರು ಒಂದಿಷ್ಟು ಇಳಿಯುತ್ತದೆ. ಈಗ ಎತ್ತಿದರೆ ಬರೀ ಡಯಲ್ ಟೋನ್. ತಿರುಗಿಸುವುದು ನಿಂತು 4 ಸೆಕೆಂಡಿಗೆ ಟೋನ್ ಅಡಗಿ, ಹೆಂಚಿನ ಮೇಲೆ ಮಳೆ ಬೀಳುವ ಸದ್ದು. ತೀರ್ಥಹಳ್ಳಿಯ ಅತ್ತೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದು. ಯಾವ ನಂಬರ್ ತಿರುಗಿಸಿದರೆಂದು ಪ್ರೋಗ್ರಾಮ್ ಎಣಿಸುವುದೇ ಇಲ್ಲ. ಬಾಯಿ ಕಡೆಯ ಮೈಕ್ ಕಿತ್ತಿದ್ದೇನೆ. ಅನುಮಾನ ಇದ್ದವರು ಮುಚ್ಚಳ ತಿರುಚಿ ನೋಡಬಹುದು, ಕೆಲವರು ನೋಡಿಯೂ ಇದ್ದಾರೆ. ಪಕ್ಕದ ಚೀಟಿ: “ಈ ಫೋನ್ ಎಲ್ಲಿಗೂ ಹೋಗುವುದಿಲ್ಲ. ಯಾರ ಜೊತೆ ಬೇಕಾದರೂ ಮಾತಾಡಿ.”

ಒಮ್ಮೆ ಯಾರೋ ಮೊಬೈಲ್ ಚಾರ್ಜಿಗೆಂದು ನಮ್ಮ ಪ್ಲಗ್ಗನ್ನೇ ಕಿತ್ತಿದ್ದರು. ಎರಡು ದಿನ ಫೋನು ಸತ್ತೇ ಇತ್ತು. ಸರಿಮಾಡಲು ಹೋದಾಗ ಹೆಂಗಸೊಬ್ಬರು ರಿಸೀವರ್ ಹಿಡಿದು, ಐದಂಕಿಯ ಯಾವುದೋ ಹಳೇ ನಂಬರ್ ತಿರುಗಿಸಿ ಮಾತಾಡುತ್ತಿದ್ದರು. ಮಳೆಯಿಲ್ಲ, ಟೋನಿಲ್ಲ. “ಊಟ ಮಾಡಿದೀನಿ ಕಣವ್ವ” ಅನ್ನುವುದಷ್ಟೇ ಕಿವಿಗೆ ಬಿತ್ತು. ಸ್ಕ್ರೂಡ್ರೈವರ್ ಜೇಬಿಗಿಟ್ಟು ಕ್ಯಾಂಟೀನಿಗೆ ಹೋದೆ. ಮೂರು ವಾರ ಕೂತು ತಿದ್ದಿದ ಮಳೆ ಸದ್ದು ಅವರಿಗೆ ಬೇಕೇ ಇರಲಿಲ್ಲ ಎಂದು ಸ್ವಲ್ಪ ಹೊಟ್ಟೆ ಉರಿದದ್ದೂ ನಿಜ.

ಪಕ್ಕಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿಸಿದೆ, ಚಾರ್ಜಿನ ತಕರಾರು ಮುಗಿಯಿತು. ಹೋದ ತಿಂಗಳು ರಿಸೀವರಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದಾಗ ಕಸ ಗುಡಿಸುವ ಅಕ್ಕ ಬಂದು ನಿಂತರು. “ಅದೆಲ್ಲ ಇರ್ಲಿ ಸಾರ್, ಮೊದ್ಲು ಒಂದು ಸ್ಟೂಲ್ ಹಾಕ್ಸಿ. ನಿಂತ್ಕೊಂಡೇ ಅಳ್ತಾರೆ.”