ಯಾವ ಪರೀಕ್ಷೆಯೋ ಆ ಕ್ಯಾನು: ಸಕ್ಕರೆ ಲ್ಯಾಬಿನ ನನ್ನ ಅನುಭವ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಲ್ಯಾಬಿನ ತ್ಯಾಜ್ಯ ಬೇರೆ ಬೇರೆ ಇಡೋಣ ಅಂದಾಗ "ಹಂಗಾಮಿನ್ಯಾಗ ಇದೆಲ್ಲ ನಡ್ಯಂಗಿಲ್ಲ ಬಿಡ್ರಿ" ಅಂದವರೇ ಜಾಸ್ತಿ. ಈಗ ಎರಡು ಹಂಗಾಮು ಸರಿಯಾಗಿ ನಡೆದಿದೆ. ಹಾಗೆ ಅಂದವರೇ ಬಂದು ಫೋಟೋ ಹೊಡ್ಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನ ವಿಷ ಯಾವುದು ಅಂತ ಮೊದಲು ಹೇಳುತ್ತೇನೆ. ಪೋಲ್, ಅಂದರೆ ರಸದ ಸಕ್ಕರೆ ಅಂಶ, ನೋಡುವಾಗ ರಸ ತಿಳಿ ಮಾಡಲು ಹಾಕುವ ಡ್ರೈ ಲೆಡ್ ಅನ್ನುವ ಸೀಸದ ಪುಡಿ. ಇನ್ನೊಂದು ಬಗೆಯ ಸಕ್ಕರೆ ಅಳೆಯುವ ಫೆಹ್ಲಿಂಗ್ ದ್ರಾವಣದ ತಾಮ್ರ. ಕೊಳಚೆ ನೀರು ಎಷ್ಟು ಕೆಟ್ಟಿದೆ ಅಂತ ಅಳೆಯುವ ಸಿಒಡಿ ಪರೀಕ್ಷೆಯ ಪಾದರಸ, ಕ್ರೋಮಿಯಂ, ಬೆಳ್ಳಿ. ನೀರಿನಲ್ಲಿ ಸಕ್ಕರೆ ಸೇರಿದೆಯೇ ಅಂತ ನೋಡಲು ಆಲ್ಫಾ ನ್ಯಾಫ್ಥಾಲ್ ಕಲಸಿದ ಸ್ಪಿರಿಟ್. ಹಿಂದೆ ಎಲ್ಲವೂ ಸಿಂಕಿಗೆ ಹೋಗುತ್ತಿತ್ತು. ಸಿಂಕಿನಿಂದ ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಿಸುವ ಇಟಿಪಿಗೆ. ಇಟಿಪಿಯ ಕೆಸರು ಪ್ರೆಸ್‌ಮಡ್ (ರಸ ಸೋಸಿ ಉಳಿದ ಮಡ್ಡಿ) ಜೊತೆ ಸೇರಿ ರೈತರ ಹೊಲಕ್ಕೆ. ಅದೇ ಹೊಲದ ಕಬ್ಬು ಮತ್ತೆ ನಮ್ಮ ಮಿಲ್ಲಿಗೆ. ಸೀಸ ಕರಗಿ ಮಾಯ ಆಗುವ ವಸ್ತು ಅಲ್ಲ.

ಮೊದಲು ಪುಸ್ತಕದ ಪ್ರಕಾರವೇ ಹೋದೆವು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಗುಣಗಳನ್ನು ಹಿಡಿದು ಉರಿಯುವುದು, ಕೊರೆಯುವುದು, ಸಿಡಿಯುವುದು, ವಿಷ ಅಂತ ನಾಲ್ಕು ಬಣ್ಣದ ಕ್ಯಾನು ಇಟ್ಟೆವು. ವಾರ ನಡೆಯಲಿಲ್ಲ. ರಾತ್ರಿ ಪಾಳಿಯ ಹುಡುಗ ಫೋನ್ ಮಾಡಿದ. "ಸರ್ರ, ಈ ಸಿಒಡಿ ನೀರು ಸುಡ್ತೈತಿ, ವಿಷಾನೂ ಐತಿ. ಯಾವುದ್ರಾಗ ಹಾಕ್ಲಿ?" ಅವನು ಕೇಳಿದ್ದು ಸರಿಯೇ ಇತ್ತು.

ಆಮೇಲೆ ಲೋಹದ ಹೆಸರಿನ ಮೇಲೆ ಬೇರ್ಪಡಿಸಿದೆವು. ಅದು ಇನ್ನೂ ಕೆಟ್ಟದಾಯಿತು. ಸೀಸದ ಕ್ಯಾನಿನಲ್ಲಿ ಡಿಲೆಡಿಂಗಿಗೆ, ಅಂದರೆ ರಸದ ಸೀಸ ತೆಗೆಯಲು, ಹಾಕಿದ ಸೋಡಾ ಇತ್ತು. ಅದರ ಮೇಲೆ ಯಾರೋ ಆಸಿಡ್ ಇದ್ದ ದ್ರಾವಣ ಸುರಿದು ಮುಚ್ಚಳ ಬಿಗಿ ಮಾಡಿದ್ದರು. ಸೋಡಾಕ್ಕೆ ಆಸಿಡ್ ಬಿದ್ದರೆ ಗ್ಯಾಸ್ ಏಳುತ್ತದೆ. ಬೆಳಿಗ್ಗೆ ನೋಡಿದರೆ ಕ್ಯಾನಿನ ಹೊಟ್ಟೆ ಉಬ್ಬಿ ತಳವೂ ದುಂಡಗಾಗಿತ್ತು. ಸುಮ್ನೆ ನಿಲ್ಲಿಸಿದರೂ ತೂಗುತ್ತಿತ್ತು. ಮುಚ್ಚಳವನ್ನು ಕೂದಲೆಳೆಯಷ್ಟೇ ತಿರುಗಿಸಿ ಗಾಳಿ ಬಿಡಲು ಅರ್ಧ ಗಂಟೆ ಹಿಡಿಯಿತು.

ಕೊನೆಗೆ ಕೈಗೂಡಿದ್ದು ಇದು: ಕ್ಯಾನಿಗೆ ಪರೀಕ್ಷೆಯ ಹೆಸರು. ಪೋಲ್ ಕ್ಯಾನು, ಫೆಹ್ಲಿಂಗ್ ಕ್ಯಾನು, ಸಿಒಡಿ ಕ್ಯಾನು, ಸ್ಪಿರಿಟ್ ಕ್ಯಾನು. ಸೀಸದ ಫಿಲ್ಟರ್ ಪೇಪರಿಗೆ ಅಗಲ ಬಾಯಿಯ ಡ್ರಮ್ಮು ಬೇರೆ. ನಿಯಮದ ಪ್ರಕಾರ ಯಾವುದು ಯಾವ ವರ್ಗ ಅನ್ನುವುದನ್ನು ನಾನು ಒಮ್ಮೆ ಕೂತು ಲೇಬಲ್ಲಿನ ಮೇಲೆ ಬರೆದೆ. ಪಾಳಿಯವರಿಗೆ ಅದರ ತಲೆಬಿಸಿ ಬೇಡ. ಯಾವ ಪರೀಕ್ಷೆ ಮಾಡಿದೆ ಅನ್ನುವುದು ನಿದ್ದೆಗಣ್ಣಲ್ಲೂ ನೆನಪಿರುತ್ತದೆ, ಅಲ್ವಾ? ಕ್ಯಾನು ಇರಬೇಕಾದದ್ದು ಪರೀಕ್ಷೆ ನಡೆಯುವ ಮೇಜಿನ ಕೆಳಗೇ. ನಾಲ್ಕು ಹೆಜ್ಜೆ ದೂರ ಇಟ್ಟರೆ ಸಿಂಕೇ ಗೆಲ್ಲುತ್ತದೆ. ಮೊದಲ ತೊಳೆದ ನೀರೂ ಕ್ಯಾನಿಗೇ. ಸ್ಪಿರಿಟ್ ಮಾತ್ರ ಸಿಒಡಿ ಮೇಜಿನಿಂದ ದೂರ ಇರಲಿ. ಸಿಒಡಿಗೆ ಹಾಕುವ ಡೈಕ್ರೊಮೇಟಿಗೂ ಸ್ಪಿರಿಟ್ಟಿಗೂ ಆಗಿಬರುವುದಿಲ್ಲ.

ಲೇಬಲ್ಲಿಗೆ ಮಾರ್ಕರ್ ಪೆನ್ ನಂಬಬೇಡಿ, ಆಸಿಡ್ ಹನಿಗೆ ಅಳಿಸಿ ಹೋಗುತ್ತದೆ. ಲ್ಯಾಮಿನೇಟ್ ಮಾಡಿಸಿ ತಂತಿಯಿಂದ ಕಟ್ಟಿದೆವು.

ಈಗ ದುಡ್ಡು. ಕ್ಯಾನು, ಟ್ರೇ, ಲೇಬಲ್ ಎಲ್ಲ ಸೇರಿ ಐದು ಸಾವಿರದ ಒಳಗೇ ಮುಗಿಯಿತು. ನಿಜವಾದ ಖರ್ಚು ಸಿಒಡಿಯದು. ಹಳೇ ಫ್ಲಾಸ್ಕಿನಲ್ಲಿ 20 ಮಿ.ಲೀ. ಸ್ಯಾಂಪಲ್, 10 ಡೈಕ್ರೊಮೇಟ್, 30 ಆಸಿಡ್. ನೀರು ಸೇರಿ ಟೈಟ್ರೇಶನ್ ಹೊತ್ತಿಗೆ 150 ಮಿ.ಲೀ. ಹತ್ತಿರ. ಹಂಗಾಮಿಗೆ 200 ಲೀಟರ್ ಆಸುಪಾಸು ವಿಷದ ನೀರು ಕೂಡುತ್ತಿತ್ತು. ಚಿಕ್ಕ ವೈಯಲ್ಲಿನಲ್ಲಿ (ಮುಚ್ಚಳದ ಗಾಜಿನ ಕೊಳವೆ) ಅದೇ ಮೂರೂ 2.5, 1.5, 3.5 ಮಿ.ಲೀ., ಅಷ್ಟೇ. 150 ಡಿಗ್ರಿಯಲ್ಲಿ ಎರಡು ತಾಸು. ವೈಯಲ್ ಕಾಯಿಸುವ ಡೈಜೆಸ್ಟರಿಗೆ ನಲವತ್ತು ಸಾವಿರದಷ್ಟು ಬೇಕು ಅಂದಾಗ ಮೇಲಿನವರು ಮುಖ ತಿರುಗಿಸಿದರು. ಆ ಆಸಿಡ್ಡಿಗೆ ಕರಗಿಸುವ ಸಿಲ್ವರ್ ಸಲ್ಫೇಟಿನ ಬಿಲ್ಲು ಮುಂದಿಟ್ಟೆ. ಮಾತು ಅಲ್ಲಿಗೇ ಮುಗಿಯಿತು. ಈಗ ತೊಳೆದದ್ದೂ ಸೇರಿ ಹಂಗಾಮಿಗೆ 25 ಲೀಟರ್ ಬಂದರೆ ಹೆಚ್ಚು.

ಸಾಗಿಸುವುದೂ ತಲೆನೋವೇ ಆಗಿತ್ತು. ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕ ಇರುವ ದಾಬಸ್‌ಪೇಟೆ ಇಲ್ಲಿಂದ 450 ಕಿ.ಮೀ. ಮೇಲೆ. ನಾಲ್ಕು ಕ್ಯಾನಿಗಾಗಿ ಲಾರಿ ಕರೆಸಿದರೆ ಬಾಡಿಗೆಯೇ ಲ್ಯಾಬನ್ನು ನುಂಗುತ್ತದೆ. ಮೆಕ್ಯಾನಿಕಲ್ ವಿಭಾಗದ ಎಣ್ಣೆ ಹತ್ತಿದ ವೇಸ್ಟ್ ಕಾಟನ್ ಹೇಗೂ ಹೋಗಲೇಬೇಕು. ಅದೇ ಲಾರಿಗೆ ನಮ್ಮದನ್ನೂ ಬೇರೆ ಬರೆಸಿ ಹಾಕಿದೆವು. ಫಾರಂ 3ರ ರಿಜಿಸ್ಟರು, ಫಾರಂ 10ರ ಮ್ಯಾನಿಫೆಸ್ಟು (ಸಾಗಣೆ ಚೀಟಿ) ಸರಿ ಇರಲಿ. ತ್ಯಾಜ್ಯ ಇಟ್ಟುಕೊಳ್ಳಬಹುದಾದ 90 ದಿನದ ಲೆಕ್ಕ ಮರೆಯಬೇಡಿ.

ನಡುವೆ ಬೆಳ್ಳಿಯ ಆಸೆಯೂ ಹುಟ್ಟಿತು. ಟೈಟ್ರೇಶನ್ ಮುಗಿದ ಸಿಒಡಿ ನೀರಿಗೆ, ಹೊಗೆ ಎಳೆಯುವ ಹುಡ್ ಒಳಗೆ, ಉಪ್ಪಿನ ನೀರು ಹಾಕಿದರೆ ಬಿಳಿ ಸಿಲ್ವರ್ ಕ್ಲೋರೈಡ್ ಕೆಳಗೆ ಕೂರುತ್ತದೆ. ಬಿಸಿಲಿಗೆ ನೇರಳೆ ಬಣ್ಣಕ್ಕೆ ತಿರುಗುವುದು ನೋಡಲು ಚೆಂದ. ಪತ್ತಾರರಿಗೆ ಕೊಟ್ಟು ಕರಗಿಸೋಣ ಅಂದರು ಗೆಳೆಯರು. ಪಾದರಸ ಅಂಟಿಕೊಂಡೇ ಬರುವ ಮಾಲು ಅದು. ಆ ಹೊಗೆಯನ್ನು ಪತ್ತಾರರು ಯಾಕೆ ಕುಡಿಯಬೇಕು? ಕೈಬಿಟ್ಟೆ.

ರಸ ತಿಳಿ ಮಾಡುವ ಸೀಸ ಇಲ್ಲದ ಪುಡಿಯನ್ನೂ ನೋಡಿದೆವು. ಒಳ್ಳೆ ರಸಕ್ಕೆ ಸರಿ ಬರುತ್ತದೆ. ಸುಟ್ಟ ಕಬ್ಬಿನ ರಸಕ್ಕೆ ಸೋಸುವುದೇ ಮುಗಿಯಲ್ಲ. ಇನ್ನೊಂದು ಹಂಗಾಮು ನೋಡಬೇಕು. ಪೋಲ್ ಕ್ಯಾನಿನ ಸೀಸವನ್ನು ಸೋಡಾ ಹಾಕಿ ಕೆಳಗೆ ಕೂರಿಸಿದರೆ ಸಾಗಿಸಬೇಕಾದ ತೂಕ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನೂ ಸೀಸ ಎಷ್ಟಿದೆ ಅಂತ ನೋಡದೆ ಬಿಡುವುದಿಲ್ಲ. ಎಷ್ಟು ಸೋಡಾ, ಯಾವಾಗ, ಆಮೇಲೆ ಇನ್ನೇನು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಷ್ಟು ಬೇಕಾದವರು ಲ್ಯಾಬಿಗೆ ಬನ್ನಿ, ಚಹಾ ಕುಡಿಸುತ್ತೇನೆ.

ರಸದ ಸಾಂದ್ರತೆ ಅಳೆಯುವ ಗಾಜಿನ ಬ್ರಿಕ್ಸ್ ಸ್ಪಿಂಡಲ್ ಒಡೆದರೆ ಗಾಜಿನ ಬುಟ್ಟಿಗೆ ಹಾಕಬೇಡಿ, ಒಳಗಿನ ಗುಂಡುಗಳು ಸಾಮಾನ್ಯವಾಗಿ ಸೀಸದವೇ. ರಸದ ನೊರೆ ಒಡೆಯಲು ತಂದ ಈಥರ್ ಹಳೆಯದಾಗಿ ಮುಚ್ಚಳದ ಸುತ್ತ ಹರಳು ಕಂಡರೆ ತಿರುಗಿಸಲೂ ಹೋಗಬೇಡಿ, ಅಲುಗಾಡಿಸಲೂ ಬೇಡಿ. ಪೆರಾಕ್ಸೈಡ್ ಆಗಿದ್ದರೆ ಸಿಡಿಯುತ್ತದೆ. ಕೋಣೆಗೆ ಬೀಗ ಹಾಕಿ, ತಿಳಿದವರನ್ನು ಕರೆಸಿ.