ದೋಷ ಮೂವರಿಗೂ, ರಿಪೇರಿ ಒಬ್ಬರಿಗೆ

ಓಟದ ವಾಚಿನಲ್ಲಿ ಪಾಜ್ ಗುಂಡಿ ಒತ್ತಿದ ಮೇಲೆ ಎಷ್ಟೇ ಅಡ್ಡಾಡಿದರೂ ಅದು ಲೆಕ್ಕಕ್ಕೆ ಬರಬಾರದು. ಹೋದ ಬೇಸಿಗೆಯಲ್ಲಿ ಬಂದ ಒಂದು ಅಪ್‌ಡೇಟ್ ಆದಮೇಲೆ ನಮ್ಮ ಗುಂಪಿನ ಮೂರು ವಾಚುಗಳು ಅದನ್ನೂ ಓಟದಲ್ಲಿ ಕೂಡಿಸತೊಡಗಿದವು. ಮೂರೂ ಒಂದೇ ಕಂಪನಿಯವು. ವಕೀಲ ಗೆಳೆಯರದ್ದು ಆ ಕಂಪನಿಯ ಎಲ್ಲಕ್ಕಿಂತ ತುಟ್ಟಿಯ ಹೊಸ ಮಾದರಿ. ನನ್ನದು ನಡುವಿನ ದರ್ಜೆಯದು, ಸ್ವಲ್ಪ ಹಳೆಯದು. ಬಿ.ಎಸ್ಸಿ. ಓದುವ ಹುಡುಗಿಯದು ಎಲ್ಲಕ್ಕಿಂತ ಅಗ್ಗದ್ದು. ಅಗ್ಗ ಎಂದರೂ ಅವರಪ್ಪ ತಿಕೋಟಾ ಕಡೆಯ ತೋಟದ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು.

ವಕೀಲರ ವಾಚು ಬೇಗ ಸರಿಯಾಯಿತು. ನನ್ನದಕ್ಕೆ ಬಂದ ಮುಂದಿನ ಅಪ್‌ಡೇಟ್‌ನಲ್ಲಿ ಹೊಸ ಡಯಲ್‌ಗಳು ಬಂದವು, ದೋಷ ಹಾಗೇ ಉಳಿಯಿತು. ಹುಡುಗಿಯ ವಾಚಿಗೆ ಏನೂ ಬರಲಿಲ್ಲ.

ಇದೇನು ಅಷ್ಟು ದೊಡ್ಡ ವಿಷಯ ಎಂದು ಓಡದವರು ಕೇಳಬಹುದು. ನಾನು ವಿಜಯಪುರದಲ್ಲಿ ಬೆಳಗಿನ ಹೊತ್ತು ಹಾಫ್ ಮ್ಯಾರಥಾನ್ ತಯಾರಿ ಮಾಡುವ ಒಂದು ಸಣ್ಣ ಗುಂಪನ್ನು ಓಡಿಸುತ್ತೇನೆ. ಹೆಚ್ಚಿನವರ ಕಣ್ಣು ನಮ್ಮೂರಿನ ಓಟದ ಸ್ಪರ್ಧೆ ವೃಕ್ಷಥಾನ್ ಮೇಲೆ. ವಾರದ ದಿನಗಳಲ್ಲಿ ಜಿಲ್ಲಾ ಕ್ರೀಡಾಂಗಣ, ಭಾನುವಾರ ಭೂತನಾಳ ಕೆರೆಯ ಕಡೆಗೆ ಉದ್ದನೆಯ ಓಟ. ನಮ್ಮ ಬೇಸಿಗೆ ಗೊತ್ತಲ್ಲ, ನಸುಕಿನಲ್ಲಿ ಹೊರಟರೂ ನೀರಿಗೆ ನಾಲ್ಕಾರು ಕಡೆ ನಿಲ್ಲಲೇಬೇಕು. ನಿಂತಾಗ ಪಾಜ್ ಒತ್ತುವುದು, ಗೂಡಂಗಡಿಯವರೆಗೆ ಹೋಗಿ ಬಾಟಲಿ ತುಂಬಿಸಿಕೊಳ್ಳುವುದು, ಮುಂದೆ ನಿಂತವರ ಹತ್ತಿರ ನಡೆದು ಹೋಗಿ ಅಲ್ಲಿಂದ ಮತ್ತೆ ಶುರು ಮಾಡುವುದು. ಪ್ರತಿ ಸಲ ಐವತ್ತು, ನೂರು ಮೀಟರ್ ಸುಮ್ಮನೆ ಕೂಡುತ್ತ ಹೋದರೆ ಕಿಲೋಮೀಟರಿಗೆ ಇಷ್ಟು ನಿಮಿಷ ಎಂಬ ಲೆಕ್ಕ ಸುಳ್ಳಾಗುತ್ತದೆ. ಹುಡುಗರು ತಮ್ಮ ವೇಗ ಹೆಚ್ಚಿದೆ ಎಂದು ತಿಳಿದು ಸ್ಪರ್ಧೆಯ ದಿನ ಮೊದಲ ಐದು ಕಿಲೋಮೀಟರಿನಲ್ಲೇ ದಮ್ಮು ಕಳೆದುಕೊಳ್ಳುತ್ತಾರೆ. ತರಬೇತಿ ಕೊಡುವವನಿಗೆ ಇದು ದೊಡ್ಡ ವಿಷಯವೇ.

ಕಂಪನಿಗೆ ಬರೆದದ್ದಕ್ಕೆ ಬಂದ ಮೊದಲ ಉತ್ತರ ಎಲ್ಲರಿಗೂ ಬರುವಂಥದ್ದೇ: ವಾಚು ಬಂದ್ ಮಾಡಿ ಚಾಲೂ ಮಾಡಿ, ಆಗದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ, ತೆರೆದ ಆಕಾಶ ಇರುವ ಜಾಗದಲ್ಲಿ ನಿಂತು ಉಪಗ್ರಹ ಸಿಗುವವರೆಗೆ ಕಾಯಿರಿ. ವಿಜಯಪುರದವರಿಗೆ ತೆರೆದ ಆಕಾಶದ ಪಾಠ! ಗೋಳಗುಮ್ಮಟದ ಬುಡಕ್ಕೆ ಹೋಗಿ ನಿಂತರೆ ಮಾತ್ರ ಇಲ್ಲಿ ಆಕಾಶಕ್ಕೆ ಏನಾದರೂ ಅಡ್ಡ ಬಂದೀತು. ಮತ್ತೆ ಬರೆದೆ, ಅದೇ ಉತ್ತರ ಬೇರೆಯವರ ಹೆಸರಿನಲ್ಲಿ ಬಂತು. ಸಿಟ್ಟಿನಲ್ಲಿ ಇನ್ನೂ ಉದ್ದ ಬರೆಯುವುದು ಸುಲಭವಿತ್ತು. ಅದರ ಬದಲು ಟ್ರ್ಯಾಕಿಗೆ ಹೋಗಿ ಅಳೆದೇ ತೋರಿಸೋಣ ಎಂದು ಹೊರಟೆವು.

400 ಮೀಟರಿನ ಪ್ರಮಾಣಿತ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಒಳಗಿನ ಲೇನಿನಲ್ಲಿ ಒಂದು ತಿರುವಿನ ಓಟದ ಉದ್ದ ಸುಮಾರು 115.6 ಮೀಟರ್. ಮೈದಾನದ ಮೇಷ್ಟ್ರಿಗೆ ಬಾಯಿಪಾಠ ಇರುವ ಈ ಅಂಕಿಗಳೇ ನಮ್ಮ ಅಳತೆಗೋಲಾದವು. ಹುಡುಗಿ ಎಡಗೈಗೆ ತನ್ನದು, ಬಲಗೈಗೆ ನನ್ನದು ಕಟ್ಟಿಕೊಂಡು ಒಂದು ಸುತ್ತು ಓಡಿದಳು. ಎರಡೂ 0.40 ಕಿಲೋಮೀಟರ್ ತೋರಿಸಿದವು. ಫಿನಿಶ್ ಗೆರೆಯ ಮೇಲೆ ನಿಂತು ಎರಡನ್ನೂ ಪಾಜ್ ಮಾಡಿ, ನೇರ ಭಾಗದ ಇನ್ನೊಂದು ತುದಿಗೆ ಹಿಂದಕ್ಕೆ ನಡೆದು ಹೋಗಿ, ಅಲ್ಲಿ ಅಲ್ಲಾಡದೆ ನಿಂತು ಮತ್ತೆ ಚಾಲೂ ಮಾಡಿದಳು. ಹೆಜ್ಜೆ ಎತ್ತುವ ಮೊದಲೇ ಎರಡೂ 0.48ಕ್ಕೆ ಜಿಗಿದವು.

"ಸರ, ನಾ ನಿಂತಲ್ಲೇ ನಿಂತೀನ್ರಿ, ಇದು ತಾನಾ ಓಡಾಕತ್ತೈತಿ" ಎಂದು ಕೂಗಿದಳು.

ವಕೀಲರ ಸರಿಯಾದ ವಾಚು ಅದೇ ಪರೀಕ್ಷೆಯಲ್ಲಿ 0.40ಕ್ಕೇ ನಿಂತಿತ್ತು. ಆದರೆ ನನಗೆ ಬೇಕಾದದ್ದು ಎರಡನೆಯ ಪರೀಕ್ಷೆ. ಪಾಜ್ ಮಾಡಿದ ಮೇಲೂ ವಾಚು ಒಳಗೊಳಗೇ ನಡೆದದ್ದನ್ನು ಅಳೆಯುತ್ತಿದೆಯೋ ಅಥವಾ ನಿಲ್ಲಿಸಿದ ಜಾಗ ಮತ್ತು ಶುರುಮಾಡಿದ ಜಾಗದ ನಡುವೆ ಗೆರೆ ಎಳೆಯುತ್ತಿದೆಯೋ? ಇದು ತಿಳಿಯಲು ತಿರುವು ಸಾಕು. ತಿರುವಿನ ಒಂದು ತುದಿಯಲ್ಲಿ ಪಾಜ್ ಮಾಡಿ, ಬಾಗಿದ ಲೇನಿನ ಗುಂಟ ನಡೆದು, ಇನ್ನೊಂದು ತುದಿಯಲ್ಲಿ ಚಾಲೂ ಮಾಡಬೇಕು. ಕಾಲು ನಡೆದದ್ದು 115 ಮೀಟರ್, ಆದರೆ ಎರಡು ತುದಿಗಳ ನಡುವಿನ ನೇರ ಅಂತರ ಸುಮಾರು 73. ಜಿಪಿಎಸ್ ಐದಾರು ಮೀಟರ್ ಆಚೀಚೆ ಆದರೂ ಇವೆರಡು ಅಂಕಿಗಳಲ್ಲಿ ಗೊಂದಲವಾಗುವುದಿಲ್ಲ. ಎರಡೂ ವಾಚುಗಳು ಕೂಡಿಸಿದ್ದು 0.07. ಅಂದರೆ ಗೆರೆ ಎಳೆಯುತ್ತಿದ್ದವು. ಉಪಗ್ರಹ, ಆಕಾಶ, ಸಿಗ್ನಲ್ ಯಾವುದೂ ಇಲ್ಲಿ ತಪ್ಪಿತಸ್ಥ ಅಲ್ಲ. ಕೂಡುವ ಲೆಕ್ಕವೇ ತಪ್ಪಿತ್ತು.

ಇನ್ನು ದಾಖಲೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನರ ದೂರು ಇಲ್ಲೇ ಬಿದ್ದುಹೋಗುತ್ತದೆ. ಕಸ್ಟಮರ್ ಕೇರಿನವರು ಸ್ಕ್ರೀನ್‌ಶಾಟ್ ಅಥವಾ ಓಡಿದ ಹಾದಿಯ ಬಿಂದುಗಳಿರುವ ಜಿಪಿಎಕ್ಸ್ ಫೈಲ್ ಕೇಳುತ್ತಾರೆ. ಜಿಪಿಎಕ್ಸ್‌ನ ಪ್ರತಿ ಬಿಂದುವಿನಲ್ಲಿ ಇರುವುದು ಅಕ್ಷಾಂಶ, ರೇಖಾಂಶ, ಎತ್ತರ, ಸಮಯ. ವಾಚು ತಾನು ಲೆಕ್ಕ ಹಾಕಿದ ದೂರ ಅದರಲ್ಲಿ ಇರುವುದಿಲ್ಲ. ಅದನ್ನು ತೆರೆದ ಆ್ಯಪ್ ತನ್ನದೇ ರೀತಿಯಲ್ಲಿ ದೂರ ಕಟ್ಟುತ್ತದೆ. ವಾಚಿನ ತಪ್ಪು ಯಾವುದು, ಆ್ಯಪ್‌ನ ಲೆಕ್ಕ ಯಾವುದು ಎಂದು ಆಮೇಲೆ ಬೇರೆ ಮಾಡಲು ಆಗುವುದಿಲ್ಲ. ಕಳಿಸಬೇಕಾದದ್ದು ವಾಚಿನ ಮೂಲ ಫೈಲ್. ನಮ್ಮ ವಾಚುಗಳಲ್ಲಿ ಅದು ಫಿಟ್ (FIT) ಎಂಬ ಬಗೆಯ ಫೈಲ್. ಅದರಲ್ಲಿ ಟೈಮರ್ ಯಾವಾಗ ನಿಂತಿತು, ಯಾವಾಗ ಚಾಲೂ ಆಯಿತು ಎಂಬ ಘಟನೆಗಳೂ, ಪ್ರತಿ ಸಾಲಿನಲ್ಲಿ ಅಲ್ಲಿಯವರೆಗಿನ ಒಟ್ಟು ದೂರವೂ ಇರುತ್ತವೆ. ಉಚಿತವಾಗಿ ಸಿಗುವ ಸಾಫ್ಟ್‌ವೇರಿನಿಂದ ಅದನ್ನು ಸಾಲು, ಕಾಲಮ್ಮುಗಳಿರುವ ಸಿಎಸ್‌ವಿ ಫೈಲ್ ಮಾಡಿಕೊಂಡು ಎಕ್ಸೆಲ್‌ನಲ್ಲಿ ತೆರೆದರೆ ಸಾಕು. ಸಮಯದ ಕಾಲಮ್ಮು ನೋಡಿ ಗಾಬರಿಯಾಗಬೇಡಿ. ಫಿಟ್ ಫೈಲ್ 1989ರ ಡಿಸೆಂಬರ್ 31ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುತ್ತದೆ, ಹಾಗಾಗಿ ಅಂಕಿ ದೊಡ್ಡದು. ಟೈಮರ್ ನಿಂತ ಸಾಲಿನ ದೂರಕ್ಕೂ, ಚಾಲೂ ಆದ ನಂತರದ ಮೊದಲ ಸಾಲಿನ ದೂರಕ್ಕೂ ಹಳದಿ ಬಣ್ಣ ಹಚ್ಚಿದೆ. ನಡುವೆ ಎಂಬತ್ತನಾಲ್ಕು ಮೀಟರಿನ ಹಾರಿಕೆ ಯಾರ ಕಣ್ಣಿಗಾದರೂ ಬೀಳುವಂತಿತ್ತು.

ದೂರು ಹೊಸದಾಗಿ ಬರೆದೆ. ಹಳೆಯ ದೂರಿನಲ್ಲಿ ಇದ್ದ "ಇಷ್ಟು ದುಡ್ಡು ಕೊಟ್ಟು" ಎಂಬ ವಾಕ್ಯಗಳನ್ನೆಲ್ಲ ತೆಗೆದುಹಾಕಿ, ಮಾದರಿ, ಸಾಫ್ಟ್‌ವೇರ್ ಆವೃತ್ತಿ, ಮಾಡಿ ನೋಡುವ ಕ್ರಮ, ಏನಾಗಬೇಕಿತ್ತು, ಏನಾಯಿತು, ತುಟ್ಟಿ ಮಾದರಿಯ ಯಾವ ಆವೃತ್ತಿಯಲ್ಲಿ ಇದೇ ದೋಷ ಹೋಗಿದೆ, ಇಷ್ಟನ್ನೇ ಇಟ್ಟೆ. ಕೊನೆಯದು ಮುಖ್ಯ. ಕಂಪನಿಯೇ ಪ್ರಕಟಿಸಿದ ಬದಲಾವಣೆ ಪಟ್ಟಿಯ ಆ ಸಾಲನ್ನು ಹಾಗೇ ನಕಲು ಮಾಡಿ ಅಂಟಿಸಿದ್ದೆ. ಈ ಸಲ ರೀಸೆಟ್ ಮಾತು ಬರಲಿಲ್ಲ, ಸೀರಿಯಲ್ ನಂಬರ್ ಕೇಳಿ, ದೂರನ್ನು ಎಂಜಿನಿಯರ್‌ಗಳಿಗೆ ದಾಟಿಸಿದ್ದೇವೆ ಎಂಬ ಉತ್ತರ ಬಂತು.

ಆ ನಡುವೆ ನಮ್ಮ ಗುಂಪಿನ ಹಳೆಯ ಓಟಗಾರನೊಬ್ಬನಿಗೆ ಫೋನ್ ಹಚ್ಚಿದೆ. ಈಗ ಬೆಂಗಳೂರಿನಲ್ಲಿ ಇಂಥದೇ ಸಣ್ಣ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಅವನು ಹೇಳಿದ್ದು ಇಷ್ಟು: ಹೊರಗೆ ಹೆಸರು ಒಂದೇ ಇದ್ದರೂ ಒಳಗೆ ಸಾಫ್ಟ್‌ವೇರಿಗೆ ಮಾದರಿಗೊಂದು ಕವಲು. ಉಪಗ್ರಹದ ಚಿಪ್ ಒಂದರಲ್ಲಿ ಸೋನಿಯದು, ಇನ್ನೊಂದರಲ್ಲಿ ಏರೋಹಾ ಕಂಪನಿಯದು ಇರಬಹುದು. ಮೆಮೊರಿ ಬೇರೆ, ಪರದೆ ಬೇರೆ. ಒಂದರಲ್ಲಿ ಮಾಡಿದ ದುರಸ್ತಿಯನ್ನು ಪ್ರತಿ ಕವಲಿಗೂ ಒಯ್ದು, ಪ್ರತಿಯೊಂದನ್ನೂ ಮತ್ತೆ ಪರೀಕ್ಷೆ ಮಾಡಬೇಕು. ಪರೀಕ್ಷೆ ಮಾಡುವ ಜನ ಕಡಿಮೆ, ಇರುವವರು ಮುಂದಿನ ಮಾದರಿಯ ಕೆಲಸದಲ್ಲಿ. ಮೇಲಾಗಿ ಅಪ್‌ಡೇಟ್ ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ, ಮೊದಲು ಸ್ವಲ್ಪ ಜನರಿಗೆ ಬಿಟ್ಟು ಏನೂ ಕೆಡದಿದ್ದರೆ ಉಳಿದವರಿಗೆ.

"ಅಣ್ಣಾರ, ಹಳೇ ಮಾಡೆಲ್‌ಗೆ ದುರಸ್ತಿ ಮಾಡಿದ್ರ ಯಾರೂ ಹೊಸಾದ್ ತಗೊಳಂಗಿಲ್ಲ. ಅದನ್ನ ಮೀಟಿಂಗ್‌ನ್ಯಾಗ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ, ಅಷ್ಟ" ಎಂದ.

ಚಿಪ್ ಕಾರಣವನ್ನು ನಾನು ಒಪ್ಪುತ್ತೇನೆ, ಒಂದು ಮಿತಿಯವರೆಗೆ. ಎರಡು ಬ್ಯಾಂಡಿನ ಜಿಪಿಎಸ್ ಇರುವ ತುಟ್ಟಿ ವಾಚು ಉಪಗ್ರಹದ 1575.42 ಮೆಗಾಹರ್ಟ್ಸ್‌ನ ಸಿಗ್ನಲ್ಲಿನ ಜೊತೆಗೆ 1176.45 ಮೆಗಾಹರ್ಟ್ಸ್‌ನ ಸಿಗ್ನಲ್ಲನ್ನೂ ಹಿಡಿಯುತ್ತದೆ. ಅದು ಹುಡುಗಿಯ ವಾಚಿಗೆ ಅಪ್‌ಡೇಟ್‌ನಿಂದ ಬರುವುದು ಸಾಧ್ಯವೇ ಇಲ್ಲ, ಅದನ್ನು ಕೇಳುವುದೂ ನ್ಯಾಯ ಅಲ್ಲ. ಆದರೆ ಪಾಜ್ ಆದಮೇಲೆ ದೂರ ಕೂಡಬಾರದು ಎಂಬುದಕ್ಕೆ ಯಾವ ಚಿಪ್ ಬೇಕು? ಅದಕ್ಕಿಂತ ಹೆಚ್ಚಾಗಿ, ಕವಲು ಬೇರೆ ಬೇರೆ ಎನ್ನುವವರು ದೋಷವನ್ನು ಹೇಗೆ ಮೂರೂ ಕವಲಿಗೆ ಒಂದೇ ಬೇಸಿಗೆಯಲ್ಲಿ ಮುಟ್ಟಿಸಿದರು? ಕೆಡಿಸುವಾಗ ಪಂಕ್ತಿಭೇದ ಇರಲಿಲ್ಲ, ಬಡಿಸುವಾಗ ಬಂತು. 2025ರ ಜನವರಿ ಕೊನೆಗೆ ಒಂದು ದೊಡ್ಡ ಕಂಪನಿಯ ಹಲವು ಮಾದರಿಯ ವಾಚುಗಳು ಜಗತ್ತಿನಾದ್ಯಂತ ಏಕಕಾಲಕ್ಕೆ ನೀಲಿ ತ್ರಿಕೋನ ತೋರಿಸುತ್ತ ಕೆಟ್ಟು ನಿಂತದ್ದು ಓದುಗರಿಗೆ ನೆನಪಿರಬಹುದು. ಆಗ ಹಳೆಯದು ಹೊಸದು ಎನ್ನದೆ ಪರಿಹಾರ ಬೇಗ ಬಂತು. ಕೂಗು ದೊಡ್ಡದಾದರೆ ಕವಲುಗಳೂ ಕೂಡುತ್ತವೆ ಎಂದಾಯಿತು.

ದುರಸ್ತಿ ಬರುವವರೆಗೆ ತರಬೇತಿ ನಿಲ್ಲಿಸಲಾಗದು. ನಿಂತ ಕೂಡಲೇ ತಾನೇ ಪಾಜ್ ಆಗುವ ಆಟೋ ಪಾಜ್ ಎಲ್ಲರಿಂದಲೂ ತೆಗೆಸಿದೆ. ನೀರಿಗೆ ನಿಂತಾಗ ಪಾಜ್ ಬದಲು, ಓಟವನ್ನು ತುಂಡು ತುಂಡಾಗಿ ಬೇರೆ ಎಣಿಸುವ ಲ್ಯಾಪ್ ಗುಂಡಿ ಒತ್ತುತ್ತಾರೆ, ಹೊರಡುವಾಗ ಮತ್ತೆ ಲ್ಯಾಪ್. ನಿಂತ ಹೊತ್ತು ಬೇರೆ ಲ್ಯಾಪ್ ಆಗಿ ಉಳಿಯುತ್ತದೆ, ಮನೆಗೆ ಬಂದು ಕಳೆದುಕೊಂಡರಾಯಿತು. ಪಾಜ್ ಮಾಡಲೇಬೇಕೆಂದರೆ ಎಲ್ಲಿ ಒತ್ತಿದ್ದೆವೋ ಅಲ್ಲಿಗೇ ವಾಪಸ್ ಬಂದು ಚಾಲೂ ಮಾಡಬೇಕು, ಆಗ ಗೆರೆಯ ಉದ್ದ ಸೊನ್ನೆ. ಸ್ಪರ್ಧೆಯ ಹತ್ತಿರದ ದಿನಗಳಲ್ಲಿ ಅಪ್‌ಡೇಟ್ ಹಾಕಿಕೊಳ್ಳುವುದನ್ನು ನಿಲ್ಲಿಸಿದ್ದೇವೆ, ಏಕೆಂದರೆ ನಮ್ಮ ವಾಚುಗಳಲ್ಲಿ ಒಮ್ಮೆ ಹೊಸ ಆವೃತ್ತಿ ಕೂತರೆ ಹಿಂದಿನದಕ್ಕೆ ಹೋಗಲು ದಾರಿಯಿಲ್ಲ. ಸ್ಪರ್ಧೆಯ ದಿನ ಆಟೋ ಲ್ಯಾಪ್ ಬಂದ್, ರಸ್ತೆಯ ಕಿಲೋಮೀಟರ್ ಫಲಕ ಕಂಡಾಗ ಕೈಯಿಂದ ಲ್ಯಾಪ್. ಇದು ದೋಷ ಇಲ್ಲದ ವಾಚಿಗೂ ಒಳ್ಳೆಯದು. ಪ್ರಮಾಣೀಕೃತ ರಸ್ತೆ ಓಟದ ಹಾದಿಯನ್ನು ಸೈಕಲ್ಲಿನ ಚಕ್ರಕ್ಕೆ, ಅದು ತಿರುಗಿದ್ದನ್ನು ಎಣಿಸುವ ಜೋನ್ಸ್ ಕೌಂಟರ್ ಕೂಡಿಸಿ, ಓಡಲು ಸಾಧ್ಯವಿರುವ ಅತಿ ಗಿಡ್ಡ ದಾರಿಯಲ್ಲಿ ಅಳೆಯುತ್ತಾರೆ, ಹಾದಿ ಕಡಿಮೆ ಬೀಳದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ಹಾಗಾಗಿ 21.0975 ಕಿಲೋಮೀಟರಿನ ಹಾಫ್ ಮ್ಯಾರಥಾನ್ ವಾಚಿನಲ್ಲಿ 21.3 ಬಂದರೆ ಸಂಘಟಕರನ್ನು ಬೈಯಬೇಕಾಗಿಲ್ಲ.

ಹುಡುಗಿಯ ವಾಚಿನ ವಾರಂಟಿ ಇನ್ನೂ ಇತ್ತು. ಅಂಗಡಿಯವರು "ಸಾಫ್ಟ್‌ವೇರ್ ನಮಗ ಸಂಬಂಧ ಇಲ್ರಿ" ಎಂದು ಕೈ ತೊಳೆದುಕೊಂಡರು. ವಕೀಲರು ತಮ್ಮ ವಾಚು ಸರಿಯಾಗಿದ್ದರೂ ನಮಗಿಂತ ಹೆಚ್ಚು ಸಿಟ್ಟಾಗಿದ್ದರು, ಅದು ಅವರ ಕಸುಬಿನ ಗುಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು ಎಂದು ತಿಳಿಸಿಕೊಟ್ಟರು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿದೆವು. ಟ್ರ್ಯಾಕಿನ ಪರೀಕ್ಷೆಯ ಅದೇ ಕಾಗದ ಅಲ್ಲಿಗೂ ಹೋಯಿತು. ಕಂಪನಿಯಿಂದ ಫೋನ್ ಬಂತು: ಹೊಸ ಮಾದರಿ ಕೊಂಡರೆ ರಿಯಾಯಿತಿ ಕೊಡುತ್ತೇವೆ. ಹುಡುಗಿಯ ಅಪ್ಪ ಕೇಳಿದ್ದು ಒಂದೇ ಮಾತು, "ಅದೂ ಕೆಟ್ರ ಮತ್ತೊಂದ್ ತಗೋಬೇಕೇನ್ರಿ?" ಆ ಕಡೆಯಿಂದ ಉತ್ತರ ಇರಲಿಲ್ಲ. ರಿಯಾಯಿತಿ ಬೇಡವೆಂದು ಹೇಳಿ ದೂರನ್ನು ಹಾಗೇ ಇಟ್ಟಿದ್ದಾರೆ.

ನನ್ನ ವಾಚು ಚಳಿಗಾಲಕ್ಕೆ ಸರಿಯಾಯಿತು. ಬದಲಾವಣೆ ಪಟ್ಟಿಯಲ್ಲಿ "ಸಣ್ಣಪುಟ್ಟ ಸುಧಾರಣೆಗಳು" ಎಂದಷ್ಟೇ ಇತ್ತು, ಟ್ರ್ಯಾಕಿನಲ್ಲಿ ಮಾಡಿ ನೋಡಿದಾಗಲೇ ಗೊತ್ತಾದದ್ದು. ಹುಡುಗಿಯದು ಇನ್ನೂ ಹಾಗೇ ಇದೆ, ಲ್ಯಾಪ್ ಗುಂಡಿಯ ಮೇಲೆ ಅವಳ ಓಟ ನಡೆದಿದೆ. ಈಗ ಗುಂಪಿಗೆ ಹೊಸದಾಗಿ ಸೇರುವವರು ಯಾವ ವಾಚು ತಗೊಳ್ಳಲಿ ಎಂದು ಕೇಳಿದರೆ ನಾನು ಕಂಪನಿಯ ಜಾಲತಾಣದಲ್ಲಿ ಹೊಸ ಮಾದರಿಯ ಪುಟ ತೆರೆಯುವುದಿಲ್ಲ. ಅವರ ಬಜೆಟ್ಟಿನ ದರ್ಜೆಯಲ್ಲಿ ಮೂರು ವರ್ಷ ಹಿಂದೆ ಬಂದ ಮಾದರಿ ಯಾವುದೆಂದು ಹುಡುಕಿ, ಅದಕ್ಕೆ ಕೊನೆಯ ಅಪ್‌ಡೇಟ್ ಯಾವ ತಾರೀಖಿಗೆ ಬಂತು, ಅದರಲ್ಲಿ ದೋಷ ಸರಿಪಡಿಸಿದ ಸಾಲು ಎಷ್ಟು, ಡಯಲ್ ಸೇರಿಸಿದ ಸಾಲು ಎಷ್ಟು ಎಂದು ಅವರ ಎದುರಿಗೇ ಓದಿಸುತ್ತೇನೆ. ಕೆಲವರು ಅಷ್ಟರಲ್ಲೇ ಐದುನೂರರ ಸ್ಟಾಪ್‌ವಾಚ್ ಸಾಕು ಎನ್ನುತ್ತಾರೆ. ಟ್ರ್ಯಾಕಿನಲ್ಲಿ ಓಡುವವರಿಗೆ ಅದು ಸಾಕು ಕೂಡ.